ದೇವಿ ಹಾಕಿಸಿಕೊಳ್ಳದವರು ಒಳಗೆ ಬರಕೂಡದು

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಅರವತ್ತರ ದಶಕದ ಆರಂಭದಲ್ಲಿ ಶಿರಸಿಯ ಒಂದು ಚಿಕ್ಕ ಹೆರಿಗೆ ಆಸ್ಪತ್ರೆಗೆ ನರ್ಸಾಗಿ ಸೇರಿದಾಗ ಅದು ಇನ್ನೂ ಚುರುಕಾಗಿತ್ತು. ಎಂಟು ಮಂಚ, ಒಬ್ಬ ಡಾಕ್ಟರು, ಒಬ್ಬ ಕಂಪೌಂಡರು, ನಾನು ಮತ್ತು ಆಯಾ. ಆಯಾ ಬನವಾಸಿ ಕಡೆಯವಳು, ಐವತ್ತು ದಾಟಿದ ವಿಧವೆ. ಹೆರಿಗೆ ಕೋಣೆಯ ರಕ್ತದ ಬಟ್ಟೆ, ಬೆಡ್‌ಪ್ಯಾನು, ನೆಲ ಒರೆಸುವುದು ಎಲ್ಲ ಆಕೆಯ ಪಾಲಿಗೆ. ಆಸ್ಪತ್ರೆಯ ಹಿಂದಿನ ಖೋಲಿಯೇ ಆಕೆಯ ಮನೆ. ಅದು ಬಿಟ್ಟರೆ ಬೇರೆ ಸೂರಿರಲಿಲ್ಲ.

ಒಂದು ಬೇಸಿಗೆಯಲ್ಲಿ ಯಲ್ಲಾಪುರ ರಸ್ತೆಯ ಯಾವುದೋ ಊರಲ್ಲಿ ಸಿಡುಬು ಎದ್ದಿದೆ ಎಂಬ ಸುದ್ದಿ ಬಂತು. ಮರುದಿನವೇ ಡಾಕ್ಟರು ಬಾಗಿಲಿಗೆ ಚೀಟಿ ಅಂಟಿಸಿದರು: ದೇವಿ ಹಾಕಿಸಿಕೊಳ್ಳದವರು ಶನಿವಾರದಿಂದ ಒಳಗೆ ಬರಕೂಡದು. ಸಿಡುಬಿನ ಲಸಿಕೆಗೆ ನಮ್ಮ ಕಡೆ ದೇವಿ ಹಾಕುವುದು ಎಂದೇ ಹೆಸರು. ಹಾಕುವ ಕೆಲಸ ನನಗೆ ಬಂತು. ಊರಿಗೆಲ್ಲ ಸೂಜಿ ಚುಚ್ಚುವ ಕಂಪೌಂಡರು ತನ್ನ ಸರದಿ ಬಂದಾಗ ಎರಡು ದಿನ ತಲೆನೋವೆಂದು ಮಲಗಿದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಮೂರನೆಯ ದಿನ ಹಿಡಿದು ಕೂರಿಸಿ ತೋಳಿಗೆ ಗೀರಿದೆ.

ಆಯಾ ಮಾತ್ರ ಒಲ್ಲೆ ಎಂದಳು.

"ಅಂಜಿಕಿ ಇಲ್ರಿ ಬಾಯಾರ. ದೇವಿ ಹಾಕಿಸ್ಕೊಂಡ್ರ ತಾಯಿ ಮೈಮ್ಯಾಲ ಬಂದಾಂಗ, ಒಂಬತ್ತ ದಿವಸ ಮಡೀಲೆ ಇರಬೇಕ್ರಿ. ಹೆರಿಗಿ ಮೈಲಿಗಿ ಮುಟ್ಟಬಾರದು. ನನ್ನ ಕೆಲಸಾನ ಅದು, ಹ್ಯಾಂಗ ಮಾಡ್ಲಿ?"

ಡಾಕ್ಟರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಸಿಡುಬಿನಿಂದ ಸತ್ತ ಹಸುಗೂಸುಗಳನ್ನು ಕಣ್ಣಾರೆ ಕಂಡವರು. ಅದಕ್ಕೇ ಬಗ್ಗಲಿಲ್ಲ. "ಒಂಬತ್ತು ದಿವಸ ಆಯಾ ಇಲ್ದ ಹೆರಿಗಿ ಖೋಲಿ ನಡೀತದೇನು? ಹಾಕಿಸ್ಕೊಂಡು ಕೆಲಸಾ ಮಾಡಲಿ. ಇಲ್ಲಾಂದ್ರ ಬ್ಯಾರೆ ಕಡೆ ನೋಡ್ಕೊಳ್ಳಲಿ," ಎಂದರು.

ಶುಕ್ರವಾರ ಮಧ್ಯಾಹ್ನ ಆಕೆಯ ಖೋಲಿಗೆ ಹೋದೆ. ಎರಡು ಸೀರೆ, ಒಂದು ತಂಬಿಗೆ ಗಂಟು ಕಟ್ಟುತ್ತಿದ್ದಳು. ನೋಡಿ ನನಗೆ ಉರಿದುಹೋಯಿತು.

"ಎಂತ ಹುಚ್ಚು ನಿಂಗೆ? ಈ ರೋಗ ದೇವಿ ತರೋದಲ್ಲ. ಕೈಯಿಂದ, ಸೀರೆಯಿಂದ, ಉಸಿರಿಂದ ಹೋಗ್ತದೆ. ನಿಂಗೆ ಗೊತ್ತಾಗೋ ಮೊದ್ಲೇ ಕೂಸಿಗೆ ಹತ್ತಿರ್ತದೆ. ಅದೆಂತ ಪಾಪ ಮಾಡಿತ್ತು?"

ಗಂಟು ಕಟ್ಟುವ ಕೈ ನಿಂತಿತು. ಆಕೆ ನೆಲಕ್ಕೆ ಕೂತಳು.

"ನನ್ನ ಮಗಗ ಅಮ್ಮ ಬಂದಿದ್ಳು, ಮೂರು ವರ್ಷದಾಂವ. ನಾ ಹೊರಗ ಹೋಗಬಾರದಿತ್ತು. ಮಗ್ಗಲ ಮನಿಯಾಕಿಗೆ ಬ್ಯಾನಿ ಎದ್ದು ಕರದ್ರು. ಹೋಗಿ ಕೂಸು ಹಿಡದೆ. ನನ್ನ ಮಗ ಉಳೀಲಿಲ್ಲ. ಮೈಲಿಗಿ ಮುಟ್ಟಿದ್ದಕ್ಕ ತಾಯಿ ಮುನದ್ಲು ಅಂತ ತಿಳದಿದ್ದೆ, ಇವತ್ತಿನ ತನಕ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಆ ಕೂಸಿಗೂ ಹದಿನೈದು ದಿವಸಕ್ಕ ಬಂತು. ಅದೂ ಹೋತು. ಅದಕ್ಕ ಈ ರೋಗಾ ನಾನ ಒಯ್ದೆ ಏನ್ರಿ ಬಾಯಾರ?"

ನನ್ನ ಕೋಪ ಎಲ್ಲಿ ಹೋಯಿತೋ. "ಇಲ್ಲ ಅವ್ವಾ, ಹಂಗೇನಿಲ್ಲ," ಎಂದುಬಿಟ್ಟೆ.

ಆಕೆ ನನ್ನ ಮುಖವನ್ನೇ ನೋಡಿದಳು. "ನಾ ಒಯ್ದಿಲ್ಲಂದ್ರ ನನಗ್ಯಾಕ ಚುಚ್ಚತೀರಿ?"

ಸುಳ್ಳನ್ನೇ ಹಿಡಿದು ಕೂತರೆ ನಾಳೆ ಆಕೆ ಬೀದಿಗೆ ಬೀಳುತ್ತಾಳೆ. ನಿಜ ಹೇಳಿದರೆ ಆಕೆಗೆ ಸತ್ತ ಮಕ್ಕಳು ಒಂದಲ್ಲ, ಎರಡಾಗುತ್ತವೆ. ಡಾಕ್ಟರ ಚೀಟಿ ಸರಿಯಾಗಿಯೇ ಇತ್ತು ಎಂದು ಈಗಲೂ ವಾದಿಸುತ್ತೇನೆ. ರೋಗಿಗಳನ್ನು ಮುಟ್ಟುವವರು ಲಸಿಕೆ ಹಾಕಿಸಿಕೊಳ್ಳಲೇಬೇಕು. ಆದರೆ ಚೀಟಿ ಬರೆದವರು ಆ ಖೋಲಿಯಲ್ಲಿ ಕೂತಿರಲಿಲ್ಲ, ನಾನು ಕೂತಿದ್ದೆ.

"ನಿನ್ನ ಕೈಯಿಂದ ಹೋಗಿರಬಹುದು ಅವ್ವಾ," ಎಂದೆ. "ನಿಂಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ."

ಆಕೆ ಬಾಯಿ ಬಿಟ್ಟು ಅತ್ತಳು. ನಾನೂ ಅತ್ತೆ. ಆಮೇಲೆ ಕುಪ್ಪಸದ ತೋಳು ಮೇಲೆ ಮಾಡಿ ನನ್ನ ಮುಂದೆ ಹಿಡಿದಳು.

"ಹಾಕ್ರಿ. ಆದರ ಒಂಬತ್ತ ದಿವಸ ನನ್ನ ಆ ಖೋಲಿಗೆ ಕರೀಬ್ಯಾಡ್ರಿ. ಈ ಸಲ ನಾ ಹೋಗೂದಿಲ್ಲ."

ಆಕೆಗೆ ಒಂಬತ್ತು ದಿನ ರಜೆ ಎಂದು ಡಾಕ್ಟರಿಗೆ ಹೇಳಿದೆ; ಅಪ್ಪಣೆ ಕೇಳಲಿಲ್ಲ, ಹೇಳಿದೆ. "ಕೆಲಸಾ ಯಾರು ಮಾಡೋರು?" ಎಂದರು. "ನಾನು," ಎಂದೆ. ಅಲ್ಲಿಯ ತನಕ ಬೆಡ್‌ಪ್ಯಾನು ಮುಟ್ಟದ ದೊಡ್ಡ ನರ್ಸಬಾಯಿ ನಾನು. ಮೊದಲ ದಿನ ವಾಂತಿ ಮಾಡಿಕೊಂಡೆ, ಎರಡನೆಯ ದಿನದಿಂದ ರೂಢಿಯಾಯಿತು. ಆಕೆಯ ತೋಳು ಬಾತು ಜ್ವರವೂ ಬಂತು. ದಿನಾ ಗಂಜಿ ನಾನೇ ಒಯ್ದು ಕೊಟ್ಟೆ.

ಹತ್ತನೆಯ ದಿನ ತಲೆಗೆ ನೀರು ಹಾಕಿಕೊಂಡು ಬಂದು ನನ್ನ ಕೈಯಿಂದ ಬಕೀಟು ತೆಗೆದುಕೊಂಡಳು. ಮತ್ತೆ ಎಲ್ಲ ಕೆಲಸವನ್ನೂ ಮೊದಲಿನ ಹಾಗೆ ಮಾಡಿದಳು. ಹುಟ್ಟಿದ ಕೂಸುಗಳನ್ನು ಮಾತ್ರ ಆಮೇಲೆಂದೂ ಎತ್ತಿಕೊಳ್ಳಲಿಲ್ಲ. "ಈಗ ಏನೂ ಆಗೋದಿಲ್ಲ, ಎತ್ತಿಕೊ ಅವ್ವಾ," ಎಂದು ನಾನೇ ಕೊಡಹೋದರೂ ಎರಡೂ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹಿಂದೆ ಸರಿಯುತ್ತಿದ್ದಳು.