ಕವರು ಕವರಿಗೆ ಕೊಡುವ ಹಾಗಿಲ್ಲ

ನನ್ನ ಓರಗಿತ್ತಿಗೆ ಬೀದಿಯವರು ಇಟ್ಟ ಹೆಸರು ಕವರಮ್ಮ. ಅವಳು ಕೆಲಸ ಮಾಡುವುದು ಒಂದು ಪ್ರೆಸ್ಸಿನ ಹಿಂಭಾಗದ ಕೋಣೆಯಲ್ಲಿ. ಉದ್ದನೆಯ ಮೇಜು, ಆ ಕಡೆ ಮೂವರು, ಈ ಕಡೆ ಮೂವರು ಹೆಂಗಸರು. ಕತ್ತರಿಸಿದ ಹಾಳೆಯನ್ನು ಎರಡು ಪಕ್ಕ ಮಡಿಸಿ, ಕೆಳಗಿನ ತುದಿಯನ್ನು ಮೇಲೆತ್ತಿ, ಅಂಟು ಸವರಿ, ಮುಷ್ಟಿಯಿಂದ ಒತ್ತಿ ಬದಿಗಿಟ್ಟರೆ ಒಂದು ಕವರು. ಸಾವಿರಕ್ಕೆ ಇಷ್ಟು ಎಂದು ಕೂಲಿ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ ಅವಳ ಬಲ ಹೆಬ್ಬೆರಳಿನ ಗೆರೆಗಳು ಸವೆದುಹೋಗಿವೆ. ಬಾಯಿ ಸೊಟ್ಟಗೆ ಕೂತ ಕವರನ್ನು ಮೇಸ್ತ್ರಿ ಬೇಡ ಎಂದು ಪಕ್ಕಕ್ಕೆ ಎಸೆಯುತ್ತಾನೆ. ಅದನ್ನು ಮನೆಗೆ ತಂದುಕೊಳ್ಳಬಹುದು. ನಮ್ಮ ಮನೆಯ ಹಣವೆಲ್ಲ ಆ ಸೊಟ್ಟ ಕವರುಗಳಲ್ಲಿ ಇರುತ್ತಿತ್ತು.

ಅವಳ ಗಂಡ, ಎಂದರೆ ನನ್ನ ಮೈದುನ, ಒಂದು ದೊಡ್ಡ ಆಫೀಸು ಕಟ್ಟಡದಲ್ಲಿ ಲಿಫ್ಟು ನಡೆಸುತ್ತಿದ್ದ. ಮೂಲೆಯಲ್ಲಿ ಒಂದು ಸ್ಟೂಲು, ಎದುರಿಗೆ ಏಳು ಗುಂಡಿಗಳು. "ದಿನಾ ನೂರು ಸಲ ಮೇಲೆ ಹೋಗ್ತೀನಿ ಅತ್ತಿಗೆ, ಸಂಬಳ ಮಾತ್ರ ನೆಲಮಹಡಿ ಬಿಟ್ಟು ಅಲ್ಲಾಡಲ್ಲ" ಎನ್ನುತ್ತಿದ್ದ. ಕೈ ಬಹಳ ಸಡಿಲ. ಯಾರು ಮುಖ ಸಪ್ಪೆ ಮಾಡಿದರೂ ಜೇಬಿಗೆ ಕೈ ಹಾಕುವವನು. ನನ್ನ ಗಂಡ ತೀರಿಕೊಂಡ ಮೇಲೆ ನಾನು ಇವರ ಮನೆಗೆ ಬಂದ ಹೊಸದರಲ್ಲಿ ಒಂದು ತಿಂಗಳು ಕರೆಂಟಿನ ದುಡ್ಡನ್ನೂ ಯಾರಿಗೋ ಕೊಟ್ಟುಬಿಟ್ಟಿದ್ದ. ತಂತಿ ಬಿಡಿಸಲು ಆಳು ಬಂದಾಗ ಅವನ ಏಣಿಯನ್ನು ಹಿಡಿದುಕೊಂಡು ನಿಂತವನೂ ಇವನೇ, ಪಾಪ ಬಿದ್ದುಗಿದ್ದಾನು ಎಂದು. ಹದಿಮೂರು ದಿನ ಕತ್ತಲೆಯಲ್ಲಿ ಇದ್ದೆವು.

ಹದಿನಾಲ್ಕನೆಯ ದಿನ ಅವಳು ಆರು ಕವರು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಬಾಡಿಗೆ, ದಿನಸಿ, ಹಾಲು, ಕರೆಂಟು ಮತ್ತು ಗ್ಯಾಸು, ಔಷಧಿ. ಆರನೆಯದರ ಮೇಲೆ ಏನೂ ಬರೆಯಲಿಲ್ಲ.

"ಇದು ಯಾವುದಕ್ಕೆ?" ಎಂದ.

"ಅದು ನಿಮ್ಮದು. ಚಹಾ ಕುಡೀರಿ, ದಾನ ಮಾಡಿ, ಬಾವಿಗೆ ಹಾಕಿ. ಅದು ಖಾಲಿಯಾದ ಮೇಲೆ ಒಂದನೇ ತಾರೀಖಿನವರೆಗೆ ನಿಮ್ಮ ಜೇಬಿಗೆ ಹೊಲಿಗೆ."

"ಕಡಿಮೆ ಬಿದ್ದರೆ ಪಕ್ಕದ್ದರಿಂದ ಸ್ವಲ್ಪ..."

"ಕವರು ಕವರಿಗೆ ಕೊಡುವ ಹಾಗಿಲ್ಲ."

ಇದೊಂದೇ ಕಟ್ಟಳೆ. ಒಂದನೇ ತಾರೀಖು ಇಬ್ಬರ ಸಂಬಳವನ್ನೂ ಮೇಜಿನ ಮೇಲೆ ಸುರಿದು ಅವಳೇ ಹಂಚುತ್ತಿದ್ದಳು. ಆಮೇಲೆ ಡಬ್ಬಿ ಗೂಡಿನಲ್ಲಿ ತೆರೆದೇ ಇರುತ್ತಿತ್ತು. ಬೀಗ ಇಲ್ಲ. ಬೇಕಾದವರು ಬೇಕಾದ ಕವರಿನಿಂದ ತೆಗೆದುಕೊಂಡು, ಅಂಗಡಿಯ ಚೀಟಿಯನ್ನು ಅದೇ ಕವರಿಗೆ ಹಾಕಬೇಕು. ತಿಂಗಳ ಕೊನೆಯವರೆಗೆ ಅವಳು ಯಾವುದನ್ನೂ ತೆಗೆದು ನೋಡುತ್ತಿರಲಿಲ್ಲ. "ನೋಡಿದ್ರೆ ನಂಬಿಕೆ ಎಲ್ಲಿ ಬಂತು?" ಎನ್ನುತ್ತಿದ್ದಳು.

ಮೊದಲ ವರ್ಷ ಅವನು ಒದ್ದಾಡಿದ. ಹಾಲಿನ ಕವರು ಇಪ್ಪತ್ತಾರಕ್ಕೇ ಮುಗಿದರೆ ನಾಲ್ಕು ದಿನ ಕರಿ ಚಹಾ. ದಿನಸಿ ಮುಗಿದ ಒಂದು ತಿಂಗಳು ಮೂರು ದಿನ ಬರೀ ಗಂಜಿ, ಉಪ್ಪು. ಅವಳೂ ಅದನ್ನೇ ಕುಡಿದಳು, ತನಗೊಂದು ಅವನಿಗೊಂದು ಎಂದು ಮಾಡಲಿಲ್ಲ. ಎರಡನೇ ವರ್ಷಕ್ಕೆ ಅವನು ಪಳಗಿದ. ಮೂರನೇ ವರ್ಷಕ್ಕೆ ಅವಳಿಗಿಂತ ಬಿಗಿಯಾದ. ಲಿಫ್ಟಿನಲ್ಲಿ ಹತ್ತಿ ಇಳಿಯುವವರಿಗೆಲ್ಲ ಇದನ್ನು ಹೇಳಿ, ಸೊಟ್ಟ ಕವರು ಹಂಚಿಯೂ ಬರುತ್ತಿದ್ದ. "ನನ್ನಂಥ ಸೋರೋ ಮಡಕೆನೇ ನಿಂತಿತು ನೋಡಿ" ಎನ್ನುತ್ತಿದ್ದ. ತಿಂಗಳ ಕೊನೆಯ ದಿನ ಕಟ್ಟುವ ಬಾಡಿಗೆ ಒಂದು ದಿನವೂ ತಡವಾಗಲಿಲ್ಲ. ಯಾರ ಮುಂದೂ ತಲೆ ತಗ್ಗಿಸಲಿಲ್ಲ. ಎಂಟು ವರ್ಷ ಹಾಗೆ ನಡೆಯಿತು.

ಈಗ ಆ ಕೊನೆಯ ತಿಂಗಳಿನ ಲೆಕ್ಕ ಬರೆಯುತ್ತೇನೆ. ಔಷಧಿ ಕವರಿನಲ್ಲಿ ಆರುನೂರು ಇತ್ತು. ಅದರಲ್ಲಿ ಅವನ ರಕ್ತದೊತ್ತಡದ ಮಾತ್ರೆ, ನನ್ನ ಕಣ್ಣಿಗೆ ಬಿಡುವ ಔಷಧಿ, ಬೇರೆ ಜ್ವರ ಗಿರ ಬಂದರೆ ಅದಕ್ಕೆ. ಮಾತ್ರೆ ಒಂದು ಪಟ್ಟಿಗೆ ಹತ್ತು, ಬೆಲೆ ತೊಂಬತ್ತು, ದಿನಕ್ಕೊಂದು. ಒಂದನೇ ತಾರೀಖು ಒಂದು ಪಟ್ಟಿ ತಂದ. ಹನ್ನೊಂದಕ್ಕೆ ಇನ್ನೊಂದು ತಂದ. ಉಳಿದದ್ದು ನಾನೂರಿಪ್ಪತ್ತು. ಹದಿನೈದಕ್ಕೆ ಕಣ್ಣಿನ ಡಾಕ್ಟರು ನನ್ನ ಔಷಧಿ ಬದಲಾಯಿಸಿದರು. ಹಳೆಯದು ಇನ್ನೂರ ಹತ್ತು ಇತ್ತು. ಹೊಸದು ಎಷ್ಟು ಎಂದು ನಾನು ಕೇಳಲಿಲ್ಲ. ಚೀಟಿಯನ್ನು ಮೈದುನನ ಕೈಗೆ ಕೊಟ್ಟೆ. ಸಂಜೆ ಬಾಟಲಿ ತಂದು ಕೈಗಿಟ್ಟು, "ನಾನೂರಿಪ್ಪತ್ತು ಅತ್ತಿಗೆ. ಕವರಲ್ಲಿ ಇದ್ದದ್ದೂ ಅಷ್ಟೇ. ಅಳತೆ ತಗೊಂಡು ಹೊಲಿದ ಹಾಗೆ" ಎಂದ.

ಸರಿಯಾಗಿ ಸಾಲಿತಲ್ಲ ಎಂದು ನಾನು ಖುಷಿಪಟ್ಟೆ. ಅವನಿಗೆ ಇಪ್ಪತ್ತೊಂದನೇ ತಾರೀಖಿಗೆ ಮೂರನೇ ಪಟ್ಟಿ ಬೇಕು, ಅವನ ಸ್ವಂತದ ಆರನೇ ಕವರು ಆಗಲೇ ಖಾಲಿಯಾಗಿದೆ ಎಂಬುದು ನನಗೆ ಹೊಳೆಯಲಿಲ್ಲ. ಅವನಿಗೆ ಹೊಳೆದಿತ್ತು.

ಇಪ್ಪತ್ತೆರಡರ ಸಂಜೆ ಊಟಕ್ಕೆ ಕೂತಿದ್ದೆವು. ಅವನು ಗೂಡಿನ ಕಡೆ ನೋಡಿ, "ಏನೇ, ನಿನ್ನ ಬಾಡಿಗೆ ಕವರಿಗೆ ಬೊಜ್ಜು ಬಂದುಬಿಟ್ಟಿದೆ. ಸ್ವಲ್ಪ ಇಳಿಸೋಣವಾ?" ಎಂದ.

"ಮುಟ್ಟಿ ನೋಡಿ, ಕೈ ಮುರಿದು ದಿನಸಿ ಕವರಿಗೆ ಹಾಕ್ತೀನಿ" ಎಂದಳು ಅವಳು.

"ನೋಡಿದ್ರಾ ಅತ್ತಿಗೆ, ಯಾವ ಕವರು ಅಂತ ಅದಕ್ಕೂ ನಿಯಮ!"

ಮೂವರೂ ನಕ್ಕೆವು. ನಾನು ಕೆಮ್ಮು ಬರುವಷ್ಟು ನಕ್ಕೆ. ಆ ಹೊತ್ತಿಗೆ ಅವನಿಗೆ ಮಾತ್ರೆ ಇಲ್ಲದೆ ಎರಡು ದಿನ ಆಗಿತ್ತು. ಅವನು ಕೇಳಿದ್ದು ಅಷ್ಟೇ. ಮತ್ತೆ ಕೇಳಲಿಲ್ಲ.

ಇಪ್ಪತ್ತೆಂಟನೇ ತಾರೀಖು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಲಿಫ್ಟು ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆದು ನಿಂತಿತ್ತಂತೆ. ಇವನು ಸ್ಟೂಲಿನ ಮೇಲೆ ಕೂತು ಗೋಡೆಗೆ ಒರಗಿದ್ದ. ಬಂದವರು ಇಣುಕಿ ನೋಡಿದರು, ನಿದ್ದೆ ಹತ್ತಿದೆ ಎಂದುಕೊಂಡರು, ಮೆಟ್ಟಿಲಿನಲ್ಲಿ ಇಳಿದುಹೋದರು. ಎಲ್ಲರಿಗೂ ಬೇಕಾದವನು, ಮೇಲಿನವರಿಗೆ ಗೊತ್ತಾದರೆ ಬೈಸಿಕೊಂಡಾನು ಎಂದು ಯಾರೂ ಸದ್ದು ಮಾಡಲಿಲ್ಲ. ಮುಕ್ಕಾಲು ಗಂಟೆ ಆದ ಮೇಲೆ ಗುಡಿಸುವವಳು ಬಂದು, "ಅಣ್ಣಾ, ಕಾಲು ಎತ್ತಿ" ಎಂದಳು. ಅವನು ಎತ್ತಲಿಲ್ಲ. ಬಾಯಿ ಒಂದು ಕಡೆಗೆ ಹೋಗಿರುವುದನ್ನು ಅವಳು ನೋಡಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಮಾತು, "ಬಿಪಿ ಮಾತ್ರೆ ದಿನಾ ತಗೊಳ್ತಿದ್ರಾ?"

"ತಗೊಳ್ತಾರೆ ಸಾರ್. ಒಂದು ದಿನಾನೂ ತಪ್ಪಿಸಲ್ಲ" ಎಂದಳು ಓರಗಿತ್ತಿ. ಅವರು ಹಾಗೆಯೇ ಬರೆದುಕೊಂಡರು.

ಕೌಂಟರಿನಲ್ಲಿ ದುಡ್ಡು ಕಟ್ಟಿ ಎಂದರು. ನಾವಿಬ್ಬರೂ ಮನೆಗೆ ಬಂದೆವು. ಅವಳು ಡಬ್ಬಿಯನ್ನು ಕೆಳಗಿಳಿಸಿ, ಮೊದಲು ಔಷಧಿ ಕವರನ್ನೇ ತೆಗೆದಳು. ಆಸ್ಪತ್ರೆಯ ಖರ್ಚು ಅದರದ್ದಲ್ಲವೇ. ಒಳಗೆ ದುಡ್ಡು ಇರಲಿಲ್ಲ. ಮೂರು ಚೀಟಿ ಇದ್ದವು. ಒಂದನೇ ತಾರೀಖಿನದು, ಹನ್ನೊಂದರದು, ಹದಿನೈದರದು. ಅವಳು ಬೆರಳು ಮಡಿಸಿ ಎಣಿಸಿದಳು. ಇನ್ನೊಂದು ಸಲ ಎಣಿಸಿದಳು. ಹೋಗಿ ಅವನ ಹಾಸಿಗೆಯ ದಿಂಬನ್ನು ಎತ್ತಿದಳು. ಖಾಲಿ ಪಟ್ಟಿ ಅಲ್ಲಿತ್ತು, ಹತ್ತು ಗುಳಿಯೂ ಒಡೆದಿದ್ದವು.

"ಎಂಟು ದಿನ" ಎಂದಳು.

ನಾನು ಅಲ್ಲೇ ಕೂತೆ. "ಅದು ನನ್ನ ಕಣ್ಣಿನ ಔಷಧಿಗೆ ಹೋಯಿತಮ್ಮ. ನಾನೂರಿಪ್ಪತ್ತು. ನಾನು ರೇಟು ಕೇಳಲಿಲ್ಲ."

"ನೀವೇನು ಮಾಡ್ತೀರಕ್ಕ. ನೀವು ತೆಗೆದದ್ದು ಔಷಧಿ ಕವರಿಂದಾನೇ ಅಲ್ವಾ" ಎಂದಳು. ಅವಳು ಸಮಾಧಾನಕ್ಕೆ ಹೇಳಿದಳೋ, ನಿಯಮ ಹೇಳಿದಳೋ ನನಗೆ ತಿಳಿಯಲಿಲ್ಲ. ಮಿಕ್ಕ ಕವರುಗಳನ್ನು ಒಂದೊಂದಾಗಿ ಬಗ್ಗಿಸಿ ಎಲ್ಲವನ್ನೂ ತನ್ನ ಮಡಿಲಿಗೆ ಸುರಿದುಕೊಂಡಳು. ಬಾಡಿಗೆಯ ನೋಟು ಯಾವುದು, ಗ್ಯಾಸಿನದು ಯಾವುದು, ಗೊತ್ತಾಗದ ಹಾಗೆ ಬೆರೆತುಹೋಯಿತು. ಆ ದಿನ ಸಂಜೆಯೊಳಗೆ ಅದಷ್ಟೂ ಕೌಂಟರಿನಲ್ಲಿ ಮುಗಿಯಿತು.

ತಿರುಗಿ ಹೋದಾಗ ಅವಳು ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತಳು.

"ಆಗ ಹೇಳಿದ್ದು ತಪ್ಪು ಸಾರ್. ಎಂಟು ದಿನದಿಂದ ಮಾತ್ರೆ ಇರಲಿಲ್ಲ."

"ಯಾಕಮ್ಮ ನಿಲ್ಲಿಸಿದ್ರು?"

"ಕವರು ಖಾಲಿಯಾಗಿತ್ತು ಸಾರ್."

"ಯಾವ ಕವರು?"

ಅವಳು ಹೇಳಲು ಬಾಯಿ ತೆರೆದಳು. ಎಲ್ಲಿಂದ ಶುರು ಮಾಡಬೇಕು ಎಂದು ನನ್ನ ಮುಖ ನೋಡಿದಳು. ಡಾಕ್ಟರು, "ದುಡ್ಡಿರಲಿಲ್ವಾ?" ಎಂದರು.

"ಇತ್ತು ಸಾರ್" ಎಂದಳು.

ಹತ್ತೊಂಬತ್ತು ದಿನಕ್ಕೆ ಅವನನ್ನು ಮನೆಗೆ ಕಳಿಸಿದರು. ಬಲಗೈ, ಬಲಗಾಲಿನಲ್ಲಿ ಸ್ವಾಧೀನ ಇಲ್ಲ. ಮಾತಿನಲ್ಲಿ ಒಂದೇ ಒಂದು ಉಳಿದಿದೆ: ಆಯ್ತು. ಹಸಿವೆಯಾದರೂ ಆಯ್ತು, ನೋವಾದರೂ ಆಯ್ತು, ಸಿಟ್ಟು ಬಂದರೂ ಆಯ್ತು. ದನಿಯ ಮೇಲೆ ನಾವು ಅಂದಾಜು ಮಾಡುತ್ತೇವೆ. ಮಾತು ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದಾರೆ. ಬಾಡಿಗೆ ಎರಡು ತಿಂಗಳದು ನಿಂತಿದೆ. ಅವಳಿಗೆ ಅದರ ಚಿಂತೆ ಇರಬಹುದು, ಆದರೆ ಅವಳು ಕೇಳುವುದು ಬೇರೆಯದನ್ನು. ಪ್ರೆಸ್ಸಿನಿಂದ ಬಂದವಳು ಕೈಯ ಅಂಟನ್ನೂ ತೊಳೆಯದೆ ಅವನ ಹತ್ತಿರ ಕೂರುತ್ತಾಳೆ.

"ನನಗೆ ಹೆದರಿ ಸುಮ್ಮನಿದ್ರಾ? ನಾನು ಬೈತೀನಿ ಅಂತಲಾ? ಇಲ್ಲ, ಅಕ್ಕ ನೊಂದ್ಕೋತಾರೆ ಅಂತಲಾ? ಯಾವುದಾದ್ರೂ ಒಂದಕ್ಕೆ ತಲೆ ಆಡಿಸಿ, ಸಾಕು."

ಅವನು ಅವಳನ್ನು ನೋಡುತ್ತಾನೆ. ಕಣ್ಣಲ್ಲಿ ನೀರು ಬರುತ್ತದೆ. "ಆಯ್ತು" ಎನ್ನುತ್ತಾನೆ.

ನಾನು ಕಣ್ಣಿನ ಔಷಧಿ ನಿಲ್ಲಿಸಿದೆ. ಯಾರಿಗೂ ಹೇಳಿರಲಿಲ್ಲ. ನಾಲ್ಕನೇ ದಿನ ಅವಳಿಗೆ ತಿಳಿದುಹೋಯಿತು. "ಈ ಮನೆಯಲ್ಲಿ ಇನ್ನು ಯಾರೂ ಬಾಯಿ ಮುಚ್ಚಿಕೊಂಡು ಔಷಧಿ ಬಿಡೋ ಹಾಗಿಲ್ಲ" ಎಂದು ಗದರಿ, ನನ್ನ ಗಲ್ಲವನ್ನು ಹಿಡಿದು ಮೇಲೆತ್ತಿ ತಾನೇ ಹನಿ ಬಿಟ್ಟಳು. ದುಡ್ಡು ಎಲ್ಲಿಂದ ತಂದಳೋ ಕೇಳಲು ನನಗೆ ಧೈರ್ಯವಾಗಲಿಲ್ಲ.

ಅವನಿಗೆ ಈಗ ಮಾತ್ರೆ ಐದು. ಬೆಳಿಗ್ಗೆ ಏಳಕ್ಕೆ ಅವಳು ಒಂದೊಂದನ್ನೇ ನಾಲಗೆಯ ಮೇಲಿಟ್ಟು ನೀರು ಕುಡಿಸುತ್ತಾಳೆ.

"ನುಂಗಿದ್ರಾ?"

"ಆಯ್ತು."

ಅವಳು ನಂಬುವುದಿಲ್ಲ. ಎರಡು ಬೆರಳಿನಿಂದ ಅವನ ಸೊಟ್ಟ ಬಾಯನ್ನು ತೆರೆಸಿ, ಕಿಟಕಿಯ ಬೆಳಕಿನ ಕಡೆಗೆ ತಿರುಗಿಸಿ, ನಾಲಗೆಯ ಕೆಳಗೆ, ಎರಡು ಕೆನ್ನೆಯ ಒಳಗೆ ನೋಡುತ್ತಾಳೆ. ಅವನು ತೆರೆದ ಬಾಯನ್ನು ಹಾಗೆಯೇ ಹಿಡಿದಿರುತ್ತಾನೆ, ಅವಳು ಮುಚ್ಚಿ ಎನ್ನುವವರೆಗೂ.