ಪ್ರಸ್ಥಾನದ ಟ್ರಂಕು

ನಾನು ಹಿಮಖಂಡಕ್ಕೆ ಹೋಗುವ ಹಡಗು ಹತ್ತಿದವನು. ನಮ್ಮ ಸೀಮೆಯಲ್ಲಿ ಮೋಟಾರು ಬಿಚ್ಚುವವರು ಬೇಕಾದಷ್ಟು ಜನ. ಆದರೆ ಹಿಮದ ಮೇಲೆ ಸಂಶೋಧನೆಗೆ ಹೊರಟ ವಿಜ್ಞಾನಿಗಳ ಜನರೇಟರ್ ನೋಡಿಕೊಳ್ಳಲು ಬೇಕಾದದ್ದು ರಾಣೆಬೆನ್ನೂರಿನ ಈ ಡೀಸೆಲ್ ಮೆಕ್ಯಾನಿಕ್ಕೇ. ಎಂಬತ್ತರ ದಶಕದ ಮಾತು. ಹಿಮದ ಸಮುದ್ರ ದಾಟುವುದಿರಲಿ, ನನಗೆ ಬ್ಯಾಡಗಿ ದಾಟುವುದೇ ಕಷ್ಟವಾಯಿತು.

ಹೊರಡಬೇಕಾದದ್ದು ಮಂಗಳವಾರ. ಮರುದಿನ ಮಧ್ಯಾಹ್ನದೊಳಗೆ ಗೋವಾದ ಬಂದರಿನಲ್ಲಿ ಇರದಿದ್ದರೆ ನನ್ನ ಜಾಗ ಬೇರೆಯವನಿಗೆ. ಮಂಗಳವಾರದ ಪ್ರಯಾಣ ಅವ್ವನಿಗೆ ಸರಿಬರಲಿಲ್ಲ. ಹಿಂದಿನ ಗುರುವಾರ, ನಾನು ಗ್ಯಾರೇಜಿನಲ್ಲಿದ್ದಾಗ, ನನ್ನ ಟ್ರಂಕನ್ನು ಬ್ಯಾಡಗಿಯಲ್ಲಿದ್ದ ತನ್ನ ತಮ್ಮನ, ಅಂದರೆ ನನ್ನ ಸೋದರಮಾವನ ಮನೆಗೆ ಕಳಿಸಿ ಪ್ರಸ್ಥಾನ ಇಟ್ಟುಬಿಟ್ಟಳು. ಒಳ್ಳೆಯ ಗಳಿಗೆಯಲ್ಲಿ ಸಾಮಾನು ಹೊರಟರೆ ಮನುಷ್ಯನೂ ಹೊರಟಂತೆ. ಆಮೇಲೆ ಯಾವತ್ತು ಹೋದರೂ ದೋಷವಿಲ್ಲ. ನನ್ನ ಆದೇಶಪತ್ರ, ಡಾಕ್ಟರ ಸರ್ಟಿಫಿಕೇಟು ಎಲ್ಲ ಆ ಟ್ರಂಕಿನ ತಳದಲ್ಲಿದ್ದವು.

“ಕಾಗದರ ತಗದಿಡಬಾರದೇನಬೇ?”

“ನಿನ್ನ ಹೆಸರಿನ ಕಾಗದ ಇಲ್ಲೇ ಉಳದ್ರ ಪ್ರಸ್ಥಾನ ಹೆಂಗ ಆಕ್ಕೈತಿ?”

“ನಾಳೆ ಹೋಗಿ ತರ್ತೇನಿ.”

“ಇಟ್ಟ ಪ್ರಸ್ಥಾನ ತಿರುಗಿ ಮನಿಗೆ ತಂದಿ ಅಂದ್ರ ಹಡಗ ಮುಳಗತೈತಿ, ನೋಡ!”

ಅವ್ವನ ಜೊತೆ ವಾದ ಮಾಡುವುದಕ್ಕಿಂತ ಕೆಟ್ಟ ಎಂಜಿನ್ನಿನ ಜೊತೆ ಮಾತಾಡುವುದು ಸಲೀಸು. ರೈಲು ಬ್ಯಾಡಗಿಯಲ್ಲಿ ನಿಂತಾಗ ಟ್ರಂಕು ತಂದು ಕಿಟಕಿಯಲ್ಲಿ ಕೊಡು ಎಂದು ಮಾವನಿಗೆ ಹೇಳಿಕಳಿಸಿದೆ.

ಮಂಗಳವಾರ ಬೆಳಿಗ್ಗೆ ರೈಲು ಬ್ಯಾಡಗಿ ಮುಟ್ಟಿತು. ಮೆಣಸಿನಕಾಯಿ ದಲಾಲಿ ಮಾಡುವ ನನ್ನ ಮಾವ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ನಗುತ್ತ ನಿಂತಿದ್ದ.

“ಮಾವಾ, ಟ್ರಂಕ ಎಲ್ಲೈತಿ?”

“ಮನ್ಯಾಗೈತಿ. ಇಳದು ಬಾ, ಚಾ ಕುಡಿಯೋಣು.”

“ಹಡಗ ತಪ್ಪತೈತಿ ಮಾವಾ!”

“ಮಂತ್ರಿ ಬರ್ತಾನಂತ ಹೇಳಿ, ನನ್ನ ಕೈಯಾಗ ಹಾವೇರಿ ಏಲಕ್ಕಿ ಹಾರ ಕೊಟ್ಟು, ಇಲ್ಲೇ ಮೂರು ರೈಲು ಕಾಯಿಸಿದ್ದಿ. ಈಗ ಬರ್ಫದ ಸಮುದ್ರ! ಟ್ರಂಕ ಹೊತ್ತು ಬಂದಿದ್ರ ಊರ ಮಂದಿ ಮತ್ತ ನಗ್ತಿದ್ರು. ಈ ಸಲ ನಾ ಸಿಗಂಗಿಲ್ಲ ಅಳಿಯಾ.”

ಆ ಹಾರದ ಪ್ರಸಂಗ ನನ್ನ ಚೇಷ್ಟೆಗಳಲ್ಲೇ ಶ್ರೇಷ್ಠವಾದದ್ದು, ಇವತ್ತಿಗೂ ಹಾಗೇ ಹೇಳುತ್ತೇನೆ. ಆದರೆ ಅವತ್ತು ನಾನು ಆಣೆ ಇಟ್ಟಷ್ಟೂ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಖರೇ ಹೇಳುವಾಗ ಮುಖ ಹೇಗಿಟ್ಟುಕೊಳ್ಳಬೇಕೆಂಬ ರೂಢಿಯೇ ನನಗಿರಲಿಲ್ಲ. ನಾನು ಇಳಿದೆ, ರೈಲು ಹೋಯಿತು.

ಮನೆಗೆ ಓಡಿದರೆ ಅತ್ತೆ ಟ್ರಂಕಿನ ಮುಂದೆಯೇ ಕೂತಿದ್ದಳು. “ಮಸರನ್ನ ಉಣದ ಪ್ರಸ್ಥಾನ ಎತ್ತಬಾರದಪಾ.” ಸಿಟ್ಟಿನಲ್ಲಿ ನಾಲ್ಕೇ ತುತ್ತಿಗೆ ತಟ್ಟೆ ಬಳಿದೆ. “ಪಾಪ, ಹಸದಾನ” ಎಂದು ಅತ್ತೆ ಮತ್ತೆ ಬಡಿಸಿದಳು!

ಕೊನೆಗೆ ಹುಬ್ಬಳ್ಳಿಗೆ ಹೊರಟ ಮೆಣಸಿನಕಾಯಿ ಲಾರಿಯೊಂದು ಸಿಕ್ಕಿತು. ನಾನು ಚೀಲಗಳ ಮೇಲೆ ಹತ್ತಿದರೆ ಮಾವನೂ ಹತ್ತಿದ.

“ನೀ ಯಾಕ?”

“ಎಲ್ಲಿತನಕ ಆಟ ಆಡ್ತಿ ನೋಡೇ ಬಿಡ್ತೇನಿ.”

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವವರು ಅದರ ಚೀಲದ ಮೇಲೆ ಕೂತು ಹುಬ್ಬಳ್ಳಿ ಮುಟ್ಟಿ ನೋಡಲಿ. ಸೀನಿ ಸೀನಿ ಬೈಗುಳವನ್ನೂ ಪೂರ್ತಿ ಬೈಯಲಾಗಲಿಲ್ಲ. ಅಲ್ಲಿಂದ ಇಬ್ಬರೂ ಬಸ್ಸು ಹಿಡಿದು ಮರುದಿನ ಬಂದರಿಗೆ ಬಂದಾಗ ಮಧ್ಯಾಹ್ನಕ್ಕೆ ಸ್ವಲ್ಪವೇ ಹೊತ್ತಿತ್ತು. ಅಧಿಕಾರಿ ಕಾಗದ ನೋಡಿದ, ನನ್ನ ಕೆಂಪು ಕಣ್ಣು ನೋಡಿದ. “ಮನೆ ಬಿಟ್ಟು ಬರೋವಾಗ ಬಹಳ ಅತ್ತಿರೇನು?” ಎಂದು ಬೆನ್ನು ತಟ್ಟಿ ಒಳಗೆ ಬಿಟ್ಟ. ಜೀವನದಲ್ಲಿ ಅಷ್ಟು ಅವಮಾನ ಮತ್ತೆ ಆಗಿಲ್ಲ.

ಹಡಗಿನ ಕಂಬಿ ಹಿಡಿದು ಕೆಳಗೆ ನೋಡಿದೆ. ಮಾವ ಕಟ್ಟೆಯ ಮೇಲೆ ನಿಂತು ಕೈ ಬೀಸಿ ಕರೆಯುತ್ತಿದ್ದ. “ಸಾಕಿಳಿಯೋ ಇನ್ನ! ಒಪ್ಪಿದೆ, ನೀನ ಗೆದ್ದಿ!”

ಹಗ್ಗ ಬಿಚ್ಚಿದರು. ಕಟ್ಟೆಗೂ ಹಡಗಿಗೂ ನಡುವೆ ಒಂದು ಮೊಳ ನೀರು ಕಂಡಿತು, ಆಮೇಲೆ ಒಂದಾಳುದ್ದ. ಮಾವನ ನಗು ನಿಂತಿತು. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಯಾವಾಗ ಬರ್ತೀಯೋ?” ಎಂದು ಕೂಗಿದ.

ಒಳ್ಳೆಯ ಚೇಷ್ಟೆಯ ಉತ್ತರವೊಂದು ಬಾಯಿತನಕ ಬಂದಿತ್ತು. ಅಷ್ಟರಲ್ಲಿ ಹಡಗಿನ ಭೋಂಗಾ ಊದಿತು. ಮಾವ ಕಿವಿಗೆ ಕೈ ಇಟ್ಟುಕೊಂಡು ಏನೆಂದು ಕೇಳುತ್ತಲೇ ಇದ್ದ. ನಾನು ಹೇಳುತ್ತಲೇ ಇದ್ದೆ.