ನಾಟಕದ ಹೊಟ್ಟೆನೋವು

ಡಾಕ್ಟರಾಗುತ್ತೇನೆ ಎನ್ನುತ್ತಿದ್ದ ಅಮೆರಿಕದ ಒಹಾಯೋದ ಡೆಲ್ಫಿನ್, ಪದವಿಗೆ ಆರಿಸಿಕೊಂಡದ್ದು ನಾಟಕವನ್ನು.

"ಬಣ್ಣ ಹಚ್ಕೊಂಡು ಕುಣಿಯೋಳನ್ನ ಯಾವ ಮೆಡಿಕಲ್ ಕಾಲೇಜು ಒಳಗೆ ಬಿಟ್ಕೊಳ್ಳುತ್ತೆ?" ಎಂದು ಅಜ್ಜಿ ವರ್ನಾ ಸೇಬಿನ ಪೈ ತಟ್ಟೆಯನ್ನು ಕುಕ್ಕಿದಳು.

"ಬೇಕಾದ ವಿಜ್ಞಾನಾನೂ ಓದ್ತೀನಜ್ಜಿ. ಇಲ್ಲಿ ಮೆಡಿಕಲ್ ಸೇರೋಕೆ ಮುಂಚೆ ಮಾಡೋ ಪದವಿ ಯಾವುದಾದ್ರೂ ನಡೆಯುತ್ತೆ."

ಕೈಖರ್ಚಿಗೆಂದು ಡೆಲ್ಫಿನ್ ಊರಿನ ಮೆಡಿಕಲ್ ಕಾಲೇಜಿನಲ್ಲಿ ರೋಗಿಯ ವೇಷ ಹಾಕುತ್ತಿದ್ದಳು. ರೋಗಿಯನ್ನು ವಿಚಾರಿಸಲು ಕಲಿಯುವ ವಿದ್ಯಾರ್ಥಿಗಳ ಮುಂದೆ ಹೊಟ್ಟೆ ಹಿಡಿದು ನರಳುವುದೇ ಕೆಲಸ.

ಪದವಿ ಮುಗಿಸಿ ಅದೇ ಕಾಲೇಜಿಗೆ ಪ್ರವೇಶದ ಸಂದರ್ಶನಕ್ಕೆ ಹೋದಳು. ಕಿಟಕಿಗೆ ಒರಗಿ ನಿಂತಿದ್ದ ಡಾಕ್ಟರ್ ಹಾಲ್ವರ್ಸನ್, ಅರ್ಜಿಯಿಂದ ಕಣ್ಣು ಕೀಳದೆ, "ನಾಟಕದಿಂದ ಏನಮ್ಮ ಕಲಿತೆ?" ಎಂದರು.

"ನಿಮ್ಮ ವಿದ್ಯಾರ್ಥಿಗಳ ಮುಂದೆ ತುಂಬಾ ನರಳಿದೀನಿ ಡಾಕ್ಟ್ರೇ. ಎಲ್ರೂ ನಿಂತ್ಕೊಂಡೇ, ಕಾಗದ ನೋಡ್ಕೊಂಡೇ ಕೇಳೋರು. ಯಾರನ್ನ ನೋಡಿ ಕಲಿತ್ರು ಅಂತ ಈಗ ಗೊತ್ತಾಯ್ತು."

ಡಾಕ್ಟರು ಅರ್ಜಿಯನ್ನು ಮಡಚಿಟ್ಟು, ಕುರ್ಚಿ ಎಳೆದುಕೊಂಡು ಅವಳೆದುರು ಕೂತರು.